ನನ್ನ ಹೆಸರಲ್ಲೂ ನೋಡಿ ಬಾ

ತಿರುವನಂತಪುರ
10 ಆಗಸ್ಟ್ 2025, ಭಾನುವಾರ

ಅಮ್ಮಾ,

‘ಐದನೇ ಕ್ಲಾಸಿನಿಂದ ಗುಂಡ್ಲುಪೇಟೆ ಹಾಸ್ಟೆಲಿನಲ್ಲಿ ಬೆಳೆದವಳು, ಇವಳಿಗೇನು, ಎಲ್ಲಿ ಬಿಟ್ಟರೂ ಬದುಕುತ್ತಾಳೆ’ ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೆ. ಬದುಕುತ್ತಿದ್ದೇನೆ. ಆದರೆ ಅಲ್ಲಿ ನಾನು ಅತ್ತರೆ ಪಕ್ಕದ ಮಂಚದವಳೂ ಅಳುತ್ತಿದ್ದಳು. ಇಲ್ಲಿ ಪಕ್ಕದ ಮಂಚದ ಶಹಲ ಮಲಪ್ಪುರಂನವಳು, ಇಯರ್‌ಫೋನ್ ಸಿಕ್ಕಿಸಿಕೊಂಡು ನಗುತ್ತಾ ಮಲಗುತ್ತಾಳೆ. ಒಳ್ಳೆಯವಳು. ಅದೇ ಕಷ್ಟ. ಒಳ್ಳೆಯವರ ಮುಂದೆ ಅಳಲೂ ಆಗುವುದಿಲ್ಲ.

ಫೋನ್ ಮಾಡೋಣ ಎಂದರೆ ನಮ್ಮ ಪೊನ್ಕುಳಿಯ ಕಾಡಿನಲ್ಲಿ ರೇಂಜ್ ಇಲ್ಲ. ನೀನು ದೇವಸ್ಥಾನದ ಹಿಂದೆ ಹೋಗಿ ‘ಹಲೋ, ಹಲೋ’ ಎನ್ನುವಷ್ಟರಲ್ಲಿ ಅಂಗಡಿಗೆ ಲಾರಿಯವರು ಬಂದು ‘ಸರೋಜಕ್ಕ, ಎರಡು ಟೀ’ ಎನ್ನುತ್ತಾರೆ. ಅದಕ್ಕೇ ಹಾಸ್ಟೆಲಿನ ಹಳೆಯ ರೂಢಿ, ಭಾನುವಾರದ ಪತ್ರ.

ಪೊಲಿಟಿಕಲ್ ಸೈನ್ಸ್ ನಾನು ಕೇಳಿದ್ದಲ್ಲ. ಎಕನಾಮಿಕ್ಸ್ ಕೇಳಿದ್ದೆ, ಅಲಾಟ್‌ಮೆಂಟಿನಲ್ಲಿ ಇದು ಬಂತು. ಮೊದಲ ವಾರವೇ ಮಿಸ್ ಒಬ್ಬೊಬ್ಬರನ್ನೇ ಎಬ್ಬಿಸಿ ‘ನಮ್ಮ ಸ್ಟೇಟ್ ಪಾಲಿಟಿಕ್ಸ್ ಬಗ್ಗೆ ನಿನ್ನ ಒಪೀನಿಯನ್ ಏನು?’ ಎಂದು ಕೇಳಿದರು. ಎಲ್ಲರ ಹತ್ತಿರವೂ ಒಪೀನಿಯನ್ ಇತ್ತು, ಮನೆಯಿಂದ ಟಿಫಿನ್ ತಂದ ಹಾಗೆ. ನಾನು ಮಲಯಾಳಂನಲ್ಲಿ ಶುರು ಮಾಡಿದೆ. ಅದರಲ್ಲಿ ನಮ್ಮ ಕಡೆಯ ಎಳೆ ಬಂತು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇಂಗ್ಲಿಷಿಗೆ ಹಾರಿದೆ. ಅದು ಅರ್ಧಕ್ಕೇ ಮುಗಿದುಹೋಯಿತು. ಕೂತುಬಿಟ್ಟೆ. ಅಂದಿನಿಂದ ಕ್ಲಾಸಿನಲ್ಲಿ ಬಾಯಿ ತೆರೆದಿಲ್ಲ. ಯಾವೂರು ಎಂದು ಕೇಳಿದರೆ ಕಲ್ಪೆಟ್ಟ ಎನ್ನುತ್ತೇನೆ. ಪೊನ್ಕುಳಿ ಎಂದರೆ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ.

ಊರು ನೋಡಿದೆಯಾ ಎಂದು ಮಾತ್ರ ಕೇಳಬೇಡ. ಕಾಲೇಜಿನ ಮುಂದಿನ ರಸ್ತೆ ದಾಟುವುದಕ್ಕೇ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಅಪ್ಪನಿಗೆ ಹೇಳು, ಊಟ ಮಾಡುತ್ತಿದ್ದೇನೆ ಎಂದು.

ನಿನ್ನ
ಸುಮ

*

ಪೊನ್ಕುಳಿ
24 ಆಗಸ್ಟ್ 2025

ಕೂಸೆ,

ನಿನ್ನ ಕಾಗದವನ್ನು ಕಂಡಕ್ಟರ್ ಪ್ರಜೀಷ್ ಬತ್ತೇರಿಯಿಂದ ತಂದ. ಬಸ್ಸು ನಿಲ್ಲಿಸಲಿಲ್ಲ, ಕಿಟಕಿಯಿಂದ ಎಸೆದ. ಸ್ವಲ್ಪದರಲ್ಲಿ ಹಾಲಿನ ಪಾತ್ರೆಗೆ ಬೀಳುತ್ತಿತ್ತು.

ರಸ್ತೆ ದಾಟುವಾಗ ಯಾರಾದರೂ ಮುದುಕಿಯ ಪಕ್ಕ ಸೇರಿಕೊ. ಮುದುಕಿಯರಿಗೆ ಎಲ್ಲ ಗಾಡಿಯೂ ನಿಲ್ಲುತ್ತದೆ.

ಒಂದು ವಿಷಯ ಇದೆ. ಶಂಕರನ್ ಮಾಷ್ ಬಂದಿದ್ದರು. ಸ್ಕೂಲಿನಿಂದ ರಿಟೈರ್ ಆದ ಮೇಲೆ ಅವರಿಗೆ ಪಾರ್ಟಿ ಕೆಲಸ ಬಿಟ್ಟು ಬೇರೆ ಇಲ್ಲ ಎಂದು ನಿನಗೆ ಗೊತ್ತಲ್ಲ. ವರ್ಷದ ಕೊನೆಗೆ ಪಂಚಾಯತ್ ಎಲೆಕ್ಷನ್. ಈ ಸಲ ನಮ್ಮ ವಾರ್ಡು ಹೆಂಗಸರಿಗೆ ಬರುವ ಹಾಗಿದೆಯಂತೆ. ಟೀ ಕುಡಿದು ಲೋಟ ಕೆಳಗಿಟ್ಟು, ‘ನಮ್ಮ ಕ್ಯಾಂಡಿಡೇಟ್ ಸರೋಜಮ್ಮನೇ ಆಗಣಂ’ ಎಂದರು. ‘ಮಾಷೇ, ಟೀಗೆ ಸಕ್ಕರೆ ಜಾಸ್ತಿ ಬಿತ್ತಾ?’ ಎಂದೆ. ನಗಲಿಲ್ಲ. ತಮಾಷೆ ಅಲ್ಲವಂತೆ.

ನಿನ್ನ ಅಪ್ಪನನ್ನು ಕೇಳಿದೆ. ಗದ್ದೆಯ ಅಟ್ಟಣೆ ಮೇಲೆ ಕೂತುಕೊಂಡು, ‘ಆಮೇಲೆ ಟೀ ಯಾರು ಕಾಯ್ಸೋದು?’ ಎಂದರು. ಅದು ಬೇಡ ಅನ್ನುವುದೋ ಆಗಲಿ ಅನ್ನುವುದೋ, ಮದುವೆಯಾಗಿ ಇಷ್ಟು ವರ್ಷ ಆದರೂ ನನಗೆ ತಿಳಿಯುವುದಿಲ್ಲ.

ನನಗೆ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ದಿನಾ ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳು ನನ್ನ ಅಂಗಡಿಯಲ್ಲೇ ನಿಲ್ಲುತ್ತವೆ. ಕಾಡಿನ ದೊಡ್ಡವರು ರಸ್ತೆಗೆ ಇಳಿದರೆ ಎಲ್ಲವೂ ನನ್ನ ಅಡುಗೆಮನೆಗೆ ನುಗ್ಗುತ್ತವೆ. ಹೋದ ತಿಂಗಳು ಆ ಒಂಟಿ ಆನೆ ಬಂದು ತಗಡಿಗೆ ಸೊಂಡಿಲು ತಾಗಿಸಿ ಹೋಯಿತು. ಒಂದು ಗಟ್ಟಿ ಶೆಲ್ಟರ್ ಬೇಕು, ಕಾಂಕ್ರೀಟಿನದು, ಒಳಗಿನಿಂದ ಚಿಲಕ ಹಾಕುವಂಥದ್ದು. ಕೇಳಿ ಕೇಳಿ ನನಗೆ ಸಾಕಾಗಿದೆ. ಕೇಳುವ ಜಾಗದಲ್ಲಿ ನಾನೇ ಕೂತರೆ ಹೇಗೆ ಎಂದು ಒಂದೊಂದು ಸಲ ಅನ್ನಿಸುತ್ತದೆ. ಮರುಕ್ಷಣವೇ ಹೆದರಿಕೆ. ಮದುವೆಯಾಗಿ ಗಡಿ ದಾಟಿ ಬಂದವಳು ನಾನು, ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ.

ಅದಕ್ಕೇ ಒಂದು ಮಾತು. ನಮ್ಮಲ್ಲಿ ಯಾರಾದರೂ ದೂರದ ದೇವರಿಗೆ ಹೊರಟರೆ ‘ನನ್ನ ಹೆಸರಲ್ಲೂ ನೋಡಿ ಬಾ’ ಅನ್ನುತ್ತೇವೆ. ಹೋದವರು ಕಂಡಿದ್ದನ್ನೆಲ್ಲ ಹೇಳಬೇಕು. ಒಂದೂ ಮುಚ್ಚಿಡಬಾರದು. ಹಾಗಾದರೆ ಕೇಳಿದವರಿಗೂ ಹೋಗಿಬಂದ ಫಲ. ನಾನು ಆ ಊರನ್ನು ನೋಡಿಲ್ಲ. ನೀನು ನನ್ನ ಹೆಸರಲ್ಲಿ ನೋಡಿ ಬಾ. ನಮ್ಮನ್ನು ಆಳುವವರು ಕೂರುವ ಜಾಗ ಹೇಗಿದೆ, ನಮ್ಮಂಥವರು ಅಲ್ಲಿಗೆ ಹೋದರೆ ಯಾರಾದರೂ ‘ಕೂತ್ಕೊಳ್ಳಿ’ ಅನ್ನುತ್ತಾರಾ, ನೋಡಿ ಹೇಳು. ಆಮೇಲೆ ಮಾಷ್‌ಗೆ ಉತ್ತರ ಕೊಡುತ್ತೇನೆ.

ನಿನ್ನ ಅಮ್ಮ
ಸರೋಜಮ್ಮ

*

ತಿರುವನಂತಪುರ
21 ಸೆಪ್ಟೆಂಬರ್ 2025

ಅಮ್ಮಾ,

ಓಣಂಗೆ ಬಂದಾಗ ನೀನು ಒಂದೇ ಒಂದು ಸಲವೂ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೀನು ನನ್ನನ್ನು ಬತ್ತೇರಿಗೆ ಕರೆದುಕೊಂಡು ಹೋಗಿ ವೋಟರ್ ಲಿಸ್ಟಿಗೆ ನನ್ನ ಹೆಸರು ಸೇರಿಸಲು ಕೊಟ್ಟೆ, ಬರುವಾಗ ಬಸ್ಸಿನಲ್ಲಿ ನೇಂದ್ರ ಚಿಪ್ಸ್ ತಿನ್ನಿಸಿದೆ, ಬಳೆಯ ಬಗ್ಗೆ ಮಾತಾಡಿದೆ. ನಿನ್ನ ಮುಖ ನೋಡಿಕೊಂಡು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು. ಶಹಲ ಕೈ ಹಿಡಿದು ಎಳೆದುಕೊಂಡು ಹೋದಳು, ನಿನ್ನೆ ಇಡೀ ದಿನ. ಝೂನಲ್ಲಿ ಜನ ಟಿಕೆಟ್ ತೆಗೆದುಕೊಂಡು ಜಿಂಕೆ ನೋಡುತ್ತಾರೆ ಅಮ್ಮ! ಒಂದು ಅಪ್ಪ-ಅಮ್ಮ-ಮಗು ಕಡವೆಯ ಮುಂದೆ ನಿಂತು ಸೆಲ್ಫಿ ತೆಗೆದು ತೆಗೆದು ಸುಸ್ತಾದರು. ನಮ್ಮಲ್ಲಿ ಜಿಂಕೆಯೇ ಬಂದು ನಮ್ಮನ್ನು ನೋಡಿ ಹೋಗುತ್ತದೆ, ಬಿಟ್ಟಿ. ಮ್ಯೂಸಿಯಂ ಕಟ್ಟಡ ಚೆನ್ನಾಗಿದೆ, ಬಣ್ಣ ಬಣ್ಣದ ಇಟ್ಟಿಗೆ, ಆದರೆ ಒಳಗೆ ಎಲ್ಲವೂ ಗಾಜಿನ ಹಿಂದೆ. ಪದ್ಮನಾಭಸ್ವಾಮಿಗೆ ಚೂಡಿದಾರಿನ ಮೇಲೆ ಮುಂಡು ಸುತ್ತಿಕೊಂಡು ಕ್ಯೂ ನಿಂತೆ. ದೇವರು ತುಂಬ ಉದ್ದ. ಮೂರು ಬಾಗಿಲಲ್ಲಿ ಮೂರು ತುಂಡಾಗಿ ನೋಡಬೇಕು. ಪಾದದ ಬಾಗಿಲಿಗೆ ಬರುವಷ್ಟರಲ್ಲಿ ಹಿಂದಿನವರು ತಳ್ಳಿಬಿಟ್ಟರು, ಮುಖದ ಹತ್ತಿರ ಕೇಳಿಕೊಂಡಿದ್ದೇ ಆಯಿತು. ಶಂಖುಮುಖಂ ಕಡಲು ಮಾತ್ರ ನನಗೆ ಇಷ್ಟವಾಯಿತು. ಅದು ಯಾರನ್ನೂ ಯಾವೂರು ಎಂದು ಕೇಳುವುದಿಲ್ಲ.

ಇನ್ನು ನೀನು ಕೇಳಿದ್ದು. ಸೆಕ್ರೆಟೇರಿಯಟ್ ಬೆಳ್ಳಗೆ, ಉದ್ದಕ್ಕೆ, ಕಂಬಗಳ ಸಾಲು. ಗೇಟಿನಲ್ಲಿ ಪೊಲೀಸ್. ಹೊರಗೆ ಫುಟ್‌ಪಾತ್ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಯಾರ್ಯಾರೋ ಸಮರಕ್ಕೆ, ಅದೇ ಧರಣಿಗೆ, ಕೂತಿದ್ದರು. ಅಸೆಂಬ್ಲಿ ಕಟ್ಟಡ ಇನ್ನೂ ದೊಡ್ಡದು, ಪಾಸ್ ಇಲ್ಲದೆ ಬಿಡುವುದಿಲ್ಲ. ಎಲ್ಲ ಕಂಬಕ್ಕೂ ಫ್ಲೆಕ್ಸ್, ಎಲ್ಲ ಫ್ಲೆಕ್ಸಿನಲ್ಲೂ ಲೀಡರ್‌ಗಳು ನಗುತ್ತಾ ಕೈಮುಗಿದಿದ್ದಾರೆ. ನನ್ನ ಒಪೀನಿಯನ್ ಕೇಳಿದರೆ, ಇಲ್ಲಿ ಕಾಡು ಎಂದರೆ ಫೋಟೋ, ವಯನಾಡು ಎಂದರೆ ರೆಸಾರ್ಟ್. ಕಾಡುಪ್ರಾಣಿಗಳಿಗಾಗಿ ರಾತ್ರಿ ಒಂಬತ್ತಕ್ಕೆ ನಮ್ಮ ರೋಡು ಮುಚ್ಚುತ್ತಾರೆ ಎಂದು ಹೇಳಿದರೆ ಶಹಲಳೇ ನಂಬಲಿಲ್ಲ. ‘ಹೈವೇಗೂ ಗೇಟಾ?’ ಎಂದಳು. ಅದನ್ನು ತೆಗೆಸುತ್ತೇವೆ ಎಂದು ಪ್ರತಿ ಎಲೆಕ್ಷನ್‌ಗೂ ಎರಡು ಕಡೆಯವರೂ ನಿನ್ನ ಅಂಗಡಿಯಲ್ಲೇ ಟೀ ಕುಡಿದು ಹೇಳಿ ಹೋಗುತ್ತಾರಲ್ಲ, ಆ ಮಾತು ಇಲ್ಲಿಯವರೆಗೆ ಬಂದ ಗುರುತೇ ಕಾಣಲಿಲ್ಲ.

ಬೇಡ ಅಮ್ಮ. ನೀನು ಮೈಕ್ ಹಿಡಿದು ಮಾತಾಡಬೇಕಾಗುತ್ತದೆ. ನಿನ್ನ ಮಲಯಾಳಂ ಕೇಳಿ ಜನ ನಗುತ್ತಾರೆ. ಮುಂದೆ ನಗದಿದ್ದರೂ ಹಿಂದಿನ ಬೆಂಚಿನಲ್ಲಿ ನಗುತ್ತಾರೆ. ನಕ್ಕಿದ್ದು ಗೊತ್ತಾಗದ ಹಾಗೆ ಕೂತುಕೊಳ್ಳುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ.

ಪ್ಲೀಸ್.

ಸುಮ

*

ಪೊನ್ಕುಳಿ
5 ಅಕ್ಟೋಬರ್ 2025

ಕೂಸೆ,

ಕಾಗದವನ್ನು ಎರಡು ಸಲ ಓದಿದೆ. ಒಂದು ಸಲ ನನಗಾಗಿ, ಇನ್ನೊಂದು ಸಲ ಅಪ್ಪನಿಗೆ ಜೋರಾಗಿ. ‘ದೇವರು ತುಂಬ ಉದ್ದ’ ಎನ್ನುವ ಕಡೆ ನಕ್ಕುಬಿಟ್ಟರು. ಕೊನೆಯ ಭಾಗವನ್ನು ಅವರಿಗೆ ಓದಲಿಲ್ಲ.

ಇಲ್ಲಿ ನಮ್ಮ ಸೀತೆಯ ಕೊಳಕ್ಕೆ ಬಂದವರೆಲ್ಲ, ಅವಳ ಕಣ್ಣೀರಿನಿಂದ ಕೊಳ ಆಯಿತಂತೆ ಎಂದು ಹೇಳಿ, ಕೈಮುಗಿದು, ನನ್ನಲ್ಲಿ ಒಂದು ಟೀ ಕುಡಿದು ಹೋಗುತ್ತಾರೆ. ನಾನು ಲೋಟ ತೊಳೆಯುತ್ತಾ ಬೇರೆಯೇ ಯೋಚಿಸುತ್ತೇನೆ. ಅವಳೂ ರಾಜಧಾನಿಯಿಂದಲೇ ಬಂದವಳು. ಅಲ್ಲಿ ಯಾರೋ ಹಿಂದಿನ ಬೆಂಚಿನವನು ಏನೋ ಅಂದ. ಅಷ್ಟಕ್ಕೇ ಕಾಡಿಗೆ ಕಳಿಸಿದರು. ಅನ್ನುವವರ ಬಾಯಿಗೆ ಹೆದರಿ ಕೆಲಸ ಮಾಡಿದರೆ ಹೀಗೇ ಆಗುವುದು, ಯಾರದೋ ಮನೆಯವಳು ಕೊಳ ತುಂಬಿಸಬೇಕು.

ನಾನು ಇನ್ನೂ ಹೂಂ ಅಂದಿಲ್ಲ. ಮಾಷ್ ಎರಡು ಸಲ ಬಂದರು. ‘ಆಲೋಚಿಕ್ಕಟ್ಟೆ’ ಎಂದು ಕಳಿಸಿದೆ. ನೀನು ಬೇಡ ಎಂದಿದ್ದು ನನ್ನ ಮನಸ್ಸಿನಲ್ಲಿ ಕೂತಿದೆ. ಕ್ಲಾಸಿನಲ್ಲಿ ನಕ್ಕಿದ್ದು ಯಾರು, ಹುಡುಗನೋ ಹುಡುಗಿಯೋ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಓಣಂನಲ್ಲಿ ನಿನ್ನ ಬಳೆ ಸಡಿಲವಾಗಿತ್ತು.

ಆದರೆ ಒಂದು ಬಾಕಿ ಇದೆ. ಕಟ್ಟಡದ ಬಗ್ಗೆ ಬರೆದೆ, ಕಂಬದ ಬಗ್ಗೆ ಬರೆದೆ. ಟಾರ್ಪಾಲ್ ಕೆಳಗೆ ಕೂತವರಿಗೆ ಒಂದೇ ಸಾಲು, ‘ಯಾರ್ಯಾರೋ’. ನಾನು ಅಲ್ಲಿಗೆ ಹೋದರೆ ಕೂರುವುದು ಅವರ ಪಕ್ಕದಲ್ಲಲ್ಲವಾ? ಅವರು ಯಾರು, ಏನು ತಿನ್ನುತ್ತಾರೆ, ಒಳಗಿನವರು ಅವರ ಹತ್ತಿರ ಮಾತಾಡುತ್ತಾರಾ? ಇನ್ನೊಂದು ಸಲ ಹೋಗಿ ಬಾ. ಅರ್ಧ ನೋಡಿ ಬಂದರೆ ಫಲ ಇಲ್ಲ.

ಅಮ್ಮ

*

ತಿರುವನಂತಪುರ
19 ಅಕ್ಟೋಬರ್ 2025

ಅಮ್ಮಾ,

ಈ ಪತ್ರಕ್ಕಿಂತ ಮೊದಲೇ ಪೇಪರ್ ನಿನ್ನ ಅಂಗಡಿಗೆ ಬಂದಿರುತ್ತದೆ. ಅದರಲ್ಲಿರುವುದನ್ನು ನಂಬಬೇಡ. ಕಂಡಿದ್ದೆಲ್ಲ ಹೇಳಬೇಕು, ಮುಚ್ಚಿಡಬಾರದು ಎಂದಿದ್ದೆಯಲ್ಲ, ಹೇಳುತ್ತೇನೆ.

ಗುರುವಾರ ಮಧ್ಯಾಹ್ನ ಕ್ಲಾಸ್ ಇರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಸೆಕ್ರೆಟೇರಿಯಟ್ ಹತ್ತಿರದ ಸ್ಟ್ಯಾಚ್ಯೂ ಸ್ಟಾಪಿನಲ್ಲಿ ಇಳಿದೆ. ನೀನು ಹೇಳಿದ ಹಾಗೆ ಒಬ್ಬ ಅಜ್ಜಿಯ ಪಕ್ಕ ಸೇರಿಕೊಂಡು ರಸ್ತೆ ದಾಟಿದೆ. ಅಜ್ಜಿಗೆ ಗೊತ್ತೇ ಆಗಲಿಲ್ಲ. ಟಾರ್ಪಾಲ್ ಹತ್ತಿರ ಹೋಗಿ ಯಾರನ್ನು, ಹೇಗೆ ಕೇಳುವುದು ಎಂದು ನಾನು ಬ್ಯಾಗು ಎದೆಗೆ ಅವಚಿಕೊಂಡು ನಿಂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ದೊಡ್ಡ ಜಾಥಾ ಬಂತು. ಕಾಡಿನ ಟೆಂಪರರಿ ವಾಚರ್‌ಗಳದ್ದು, ಕೆಲಸ ಖಾಯಂ ಮಾಡಿ ಎಂದು. ಅದು ನನಗೆ ಗೊತ್ತಾಗಿದ್ದು ಆಮೇಲೆ. ಆಗ ಬರೀ ಕೂಗು. ಯಾರೋ ಬ್ಯಾರಿಕೇಡ್ ಅಲ್ಲಾಡಿಸಿದರು, ವಿಸಿಲ್ ಊದಿತು, ಪೊಲೀಸರ ದೊಡ್ಡ ನೀಲಿ ಗಾಡಿ ಘೀಳಿಟ್ಟ ಹಾಗೆ ಸದ್ದು ಮಾಡಿ ನಮ್ಮ ಕಡೆಗೇ ತಿರುಗಿತು.

ಎಲ್ಲರೂ ಓಡಿದರು. ನಾನು ಓಡಲಿಲ್ಲ.

ಧೈರ್ಯ ಅಲ್ಲ ಅಮ್ಮ. ಚಿಕ್ಕವಳಿದ್ದಾಗ ಅಪ್ಪ ಗದ್ದೆಯ ಬದುವಿನಲ್ಲಿ ನನ್ನ ಹೆಗಲು ಹಿಡಿದು ಹೇಳಿಕೊಟ್ಟಿದ್ದರಲ್ಲ, ‘ಕಿವಿ ಬಿಚ್ಕೊಂಡು ಬಂದ್ರೆ ಓಡ್ಬ್ಯಾಡ. ಮೊದಲ್ನೇ ಸಲ ಬರೋದು ಹೆದರ್ಸಕ್ಕೆ. ಮರ ಆಗ್ಬಿಡು, ಉಸಿರು ಬಿಡ್ಬ್ಯಾಡ’ ಎಂದು. ತಲೆಗೆ ಏನೂ ತೋಚಲಿಲ್ಲ, ಮೈ ತಾನೇ ಮರ ಆಯಿತು. ಜಲಫಿರಂಗಿ ನೇರ ಎದೆಗೆ ಹೊಡೆಯಿತು. ಬೀಳಲಿಲ್ಲ, ಅದು ಹೇಗೋ ಗೊತ್ತಿಲ್ಲ.

ಸುತ್ತ ಖಾಲಿ. ನನ್ನ ಹಾಗೆ ನಿಂತಿದ್ದವರು ಇನ್ನೊಬ್ಬರೇ. ಖಾಕಿ ಸೀರೆಯ ಹೆಂಗಸು, ತಲೆಯೆಲ್ಲ ಬೆಳ್ಳಗೆ, ನೀರು ಸೋರುತ್ತಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮೋಳೇ, ನೀ ವಯನಾಡಾ?’ ಎಂದರು. ತಲೆ ಆಡಿಸಿದೆ. ‘ಎಲ್ಲಿ?’ ಎಂದರು. ಮೊದಲ ಸಲ ನಿಜ ಹೇಳಿದೆ, ‘ಪೊನ್ಕುಳಿ’ ಎಂದು. ಅವರು ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ನಮ್ಮ ಮಾತಿನಲ್ಲೇ, ‘ಅದ್ಕೇ ನಿಂತ್ಕಂಡೆ! ನಾನೂ ಅಂಗೇ ನಿಂತ್ಕಂಡೆ. ಆನೆ ಬಂದ್ರೆ ನಿಲ್ಲೋದು ಶರಿ ಮೋಳೇ. ಪೊಲೀಸ್ ಬಂದ್ರೆ ಓಡಣ್ಡೇ? ನಾವಿಬ್ರೂ ಪೊಟ್ಟಿಗಳು, ಪೆದ್ದಿಗಳು!’ ಎಂದರು. ಹೆಸರು ಚಾತಿ. ತೋಲ್ಪೆಟ್ಟಿ ಕಡೆಯ ಕಾಡಿನಲ್ಲಿ ವಾಚರ್.

ಅವರೇ ಟಾರ್ಪಾಲ್ ಕೆಳಗೆ ಕರೆದುಕೊಂಡು ಹೋಗಿ, ಯಾರದೋ ಒಣ ಟವೆಲ್ ಕೊಟ್ಟು, ಹಾಲಿಲ್ಲದ ಕಟ್ಟನ್ ಚಾಯ ಕುಡಿಸಿದರು. ನೀನು ಕೇಳಿದ್ದಕ್ಕೆ ಉತ್ತರ: ಅವರು ತಿನ್ನುವುದು ಕಂಜಿ, ಹೆಸರುಕಾಳಿನ ಪಯರ್, ಹಪ್ಪಳ. ಒಲೆ ಫುಟ್‌ಪಾತ್ ಮೇಲೆಯೇ. ಒಳಗಿನವರು ಒಮ್ಮೆ ಕರೆದು ಮಾತಾಡಿದ್ದಾರೆ, ‘ಪರಿಗಣಿಸುತ್ತೇವೆ’ ಎಂದಿದ್ದಾರೆ. ಹೌದು, ‘ಕೂತ್ಕೊಳ್ಳಿ’ ಎನ್ನುವವರು ಇದ್ದಾರೆ. ಆದರೆ ಗೇಟಿನ ಹೊರಗೆ.

ಮರುದಿನ ಪೇಪರಿನಲ್ಲಿ ನನ್ನ ಫೋಟೋ! ‘ಕುಲುಂಗಾತ್ತ ವಿದ್ಯಾರ್ಥಿನಿ’ ಅಂತೆ, ಅಲ್ಲಾಡದವಳು ಎಂದು. ಹಿಂದಿನ ಬೆಂಚಿನವರು ಬಂದು ಕೈ ಕುಲುಕಿದರು. ಯೂನಿಯನ್ ಅಕ್ಕಂದಿರು, ಚೇಚಿಮಾರು, ಹಾಸ್ಟೆಲಿಗೇ ಬಂದು ಕಾಮ್ರೇಡ್ ಎನ್ನುವ ಹಾಗೆ ‘ಸಖಾವೇ’ ಎಂದರು. ನನಗೆ ಆ ಸಮರ ಯಾತಕ್ಕೆ ಎಂದೇ ಗೊತ್ತಿರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಈಗ ನಕ್ಕರೆ ಹೇಗೆ ತಡೆಯಲಿ?

ಮಾಷ್‌ಗೆ ಈ ಫೋಟೋ ತೋರಿಸಬೇಡ. ನಿನ್ನನ್ನು ಇನ್ನೂ ಬಿಡುವುದಿಲ್ಲ ಅವರು.

ಸುಮ

*

ಪೊನ್ಕುಳಿ
16 ನವೆಂಬರ್ 2025

ಕೂಸೆ,

ಜ್ವರ ಬಂತಾ? ಬಂದಿದ್ದರೂ ನೀನು ಬರೆಯುವುದಿಲ್ಲ. ತಲೆಗೆ ಎಣ್ಣೆ ಹಾಕಿಕೊಂಡು ಬಿಸಿನೀರು ಹೊಯ್ದುಕೊ.

ಮಾಷ್‌ಗೆ ತೋರಿಸಬೇಡ ಎಂದೆ. ಅವರೇ ನನಗೆ ತೋರಿಸಿದರು. ಅದಕ್ಕೂ ಮೊದಲು ಈರುಳ್ಳಿ ಲಾರಿಯವನು, ‘ಸರೋಜಕ್ಕ, ಇದು ನಿಮ್ಮ ಹುಡುಗಿ ಅಲ್ವಾ?’ ಎಂದು ಕೂಗಿದ. ಅಂಗಡಿಯಲ್ಲಿದ್ದವರೆಲ್ಲ ಪೇಪರ್ ಮೇಲೆ ಬಗ್ಗಿದರು. ‘ಎಂದೊರು ಧೈರ್ಯಂ!’ ಎಂದರು. ಎಲ್ಲರೂ ನಿನ್ನ ಮುಖ ನೋಡಿದರು. ನಾನು ಕಾಲು ನೋಡಿದೆ. ಎಡಗಾಲಿನ ಹೆಬ್ಬೆರಳು ಚಪ್ಪಲಿಯಿಂದ ಹೊರಗೆ ಬಂದು ನೆಲವನ್ನು ಕಚ್ಚಿ ಹಿಡಿದಿತ್ತು. ಮೊದಲ ದಿನ ಗುಂಡ್ಲುಪೇಟೆ ಹಾಸ್ಟೆಲಿನ ಗೇಟಿನಲ್ಲಿ ನೀನು ಅಳದೆ ನಿಂತಾಗ ವಾರ್ಡನ್ ಕೂಡ ಧೈರ್ಯದ ಹುಡುಗಿ ಎಂದೇ ಹೇಳಿದ್ದು. ಬಸ್ಸು ತಿರುವಿನಲ್ಲಿ ತಿರುಗುವವರೆಗೂ ನಾನು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ಎಷ್ಟು ಹೆದರಿದ್ದೀಯ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಾಷ್ ಫೋನಿನಲ್ಲಿ ಫ್ಲೆಕ್ಸ್ ಮಾಡಿಸಿಕೊಂಡೇ ಬಂದಿದ್ದರು. ಮುಂದೆ ನಾನು ಕೈಮುಗಿದುಕೊಂಡು, ಹಿಂದೆ ನೀನು ನೆನೆದುಕೊಂಡು. ಬೆಂಕಿಯ ಬಣ್ಣ. ‘ಇದು ಹಾಕಿದ್ರೆ ಗೆದ್ದ ಹಾಗೇ’ ಎಂದರು. ‘ಅವಳು ಸಮರಕ್ಕೆ ಹೋಗಿದ್ದಲ್ಲ ಮಾಷೇ. ಹೆದರಿ ಮರ ಆಗಿದ್ದು’ ಎಂದೆ. ‘ಅದು ಆರಿಗೂ ಅರಿಯಿಲ್ಲಲ್ಲೋ’ ಎಂದರು. ‘ನನಗೆ ಗೊತ್ತಲ್ಲ’ ಎಂದೆ. ಅಂಗಡಿ ತುಂಬ ಜನ ಇದ್ದರು. ಸೌಟು ಕೈಯಲ್ಲೇ ಇತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ, ನನ್ನ ಮಗಳ ಹೆದರಿಕೆಯನ್ನು ಗೋಡೆಗೆ ಅಂಟಿಸಿ ನಾನು ವೋಟು ಕೇಳುವುದಿಲ್ಲ, ಫೋಟೋ ಬೇಕೇ ಬೇಕೆಂದರೆ ಬೇರೆ ಹೆಂಗಸನ್ನು ನೋಡಿಕೊಳ್ಳಿ ಎಂದು. ಮಧ್ಯದಲ್ಲಿ ಮಲಯಾಳಂ ಮುಗಿದುಹೋಯಿತು, ಉಳಿದದ್ದು ಕನ್ನಡದಲ್ಲೇ ಹೇಳಿದೆ. ನಕ್ಕರು ಕೂಸೆ. ಬತ್ತೇರಿಯ ಮೀನು ಗಾಡಿಯವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಇನ್ನೊಂದು ಟೀ ಕೇಳಿದ. ಕೊಟ್ಟೆ. ಅಷ್ಟೇ. ಅದಕ್ಕಿಂತ ದೊಡ್ಡದು ಏನೂ ಆಗಲಿಲ್ಲ.

ಮಾಷ್ ಮುಖ ಊದಿಸಿಕೊಂಡು ಹೋದರು. ಎರಡು ದಿನ ಬಿಟ್ಟು ಮತ್ತೆ ಬಂದರು. ಫೋಟೋ ಬೇಡವಂತೆ, ಆಗಲಿ. ಬೇರೆ ಹೆಂಗಸು ಸಿಗಲಿಲ್ಲ ಎಂದು ಕಾಣುತ್ತದೆ.

ಹೆದರಿಕೆ ಹೋದ ಮೇಲೆ ಹೂಂ ಅನ್ನೋಣ ಎಂದು ಇಷ್ಟು ದಿನ ಕಾಯುತ್ತಿದ್ದೆ. ಅದು ಹೋಗುವ ಹಾಗೆ ಕಾಣಲಿಲ್ಲ. ಹೂಂ ಅಂದುಬಿಟ್ಟೆ. ಈ ವಾರ ನಾಮಪತ್ರ. ಎದುರಿಗೆ ಕಲ್ಲೂರಿನ ಟೈಲರ್ ಜಿಷ. ನಿನ್ನ ಓಣಂ ಬ್ಲೌಸ್ ಹೊಲಿದವಳೇ. ಒಳ್ಳೆಯ ಹುಡುಗಿ, ನಾನು ಕ್ಯಾಂಡಿಡೇಟ್ ಅಲ್ಲದಿದ್ದರೆ ಅವಳಿಗೇ ವೋಟು ಹಾಕುತ್ತಿದ್ದೆ.

ನೀನು ಬೇಡ ಎಂದಿದ್ದೆ. ಕೋಪ ಬಂದರೆ ಬರಲಿ. ಕಾಗದ ಮಾತ್ರ ನಿಲ್ಲಿಸಬೇಡ.

ಅಮ್ಮ

*

ತಿರುವನಂತಪುರ
30 ನವೆಂಬರ್ 2025

ಅಮ್ಮಾ,

ಕೋಪ ಎರಡು ದಿನ ಇತ್ತು. ಬರೆಯಲು ಕೂತರೆ ಮೀನು ಗಾಡಿಯವನು ಟೀ ಕೇಳಿದ್ದೇ ಕಣ್ಣ ಮುಂದೆ ಬರುತ್ತಿತ್ತು.

ಯೂನಿಯನ್ ಚೇಚಿಮಾರಿಗೆ ಹೇಳಿದೆ. ಕ್ಯಾಂಟೀನಿನಲ್ಲಿ, ಎಲ್ಲರ ಮುಂದೆ. ನನಗೆ ಸಮರ ಗೊತ್ತಿರಲಿಲ್ಲ, ಆ ನೀಲಿ ಗಾಡಿಯನ್ನು ನನ್ನ ಮೈ ಆನೆ ಎಂದುಕೊಂಡಿತು ಎಂದು. ಇಡೀ ಟೇಬಲ್ ನಕ್ಕಿತು. ಶಹಲ ನೀರು ಕುಡಿಯುತ್ತಿದ್ದವಳು ಮೂಗಿನಿಂದ ಬಿಟ್ಟಳು. ನನಗೂ ನಗು ಬಂತು. ಒಬ್ಬ ಚೇಚಿ ಮಾತ್ರ ನಗದೆ, ‘ಅಲ್ಲ, ನಿಮ್ಮಲ್ಲಿ ನಿಜವಾಗ್ಲೂ ಹಾಗೆ ಆನೆ ಎದುರು ನಿಲ್ತೀರಾ?’ ಎಂದು ಕೇಳಿದರು. ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ವಿಷಯ ಹೇಳಿದೆ. ತಗಡಿಗೆ ಸೊಂಡಿಲು ತಾಗಿಸಿದ್ದು ಹೇಳಿದೆ. ಬೆಲ್ ಹೊಡೆಯುವವರೆಗೂ ನಾನೇ ಮಾತಾಡಿದ್ದು ಎಂದು ಆಮೇಲೆ ಗೊತ್ತಾಯಿತು.

ವೋಟು ಹಾಕಲು ಬರುತ್ತಿದ್ದೇನೆ. ಹಿಂದಿನ ದಿನ ಸಂಜೆ ಇಲ್ಲಿಂದ ರೈಲು, ಕೋಳಿಕ್ಕೋಡಿನಿಂದ ಬಸ್ಸು. ನನ್ನ ಮೊದಲ ವೋಟು. ಬ್ಲೌಸ್ ಚೆನ್ನಾಗಿ ಹೊಲಿದಿದ್ದಾಳೆ ಜಿಷೇಚಿ, ಯೋಚನೆ ಮಾಡಬೇಕು!

ಬೇಡ ಎಂದವಳು ನಾನೇ. ಆದರೂ ಹೋಗಲಿ, ನಿನಗೇ.

ಸುಮ

*

ಪೊನ್ಕುಳಿ
21 ಡಿಸೆಂಬರ್ 2025

ಕೂಸೆ,

ಸೋತದ್ದನ್ನು ಮಾಷ್ ನಿನಗೆ ಫೋನಿನಲ್ಲಿ ಹೇಳಿದ್ದಾರಂತೆ. ಅವರಿಗೆ ನನಗಿಂತ ಜಾಸ್ತಿ ಬೇಜಾರು. ಫೋಟೋ ಹಾಕಿದ್ದರೆ ಗೆಲ್ಲುತ್ತಿದ್ದೆವು ಎಂದು ಇನ್ನೂ ಹೇಳುತ್ತಾರೆ. ಇರಬಹುದು.

ಒಂದು ಗುಟ್ಟು. ಮಾಷ್‌ಗೆ ಹೇಳಬೇಡ. ಮತಯಂತ್ರದ ಮುಂದೆ ಹೋಗಿ ನನ್ನ ಹೆಸರು ಕಂಡಾಗ ನಾಚಿಕೆಯಾಗಿಬಿಟ್ಟಿತು. ಹಬ್ಬದ ದಿನ ಮನೆಯಾಕೆ ಮೊದಲ ಒಬ್ಬಟ್ಟನ್ನು ತನ್ನ ಎಲೆಗೇ ಬಡಿಸಿಕೊಳ್ಳುತ್ತಾಳಾ? ಕೈ ತಾನಾಗಿ ಜಿಷಳ ಕಡೆ ಹೋಯಿತು. ಪೀಂ ಅಂದ ಮೇಲೆ ಎಚ್ಚರ ಬಂತು. ಆಮೇಲೆ ಲೆಕ್ಕ ಹಾಕಿ ನೋಡಿದೆ, ನನಗೇ ಹಾಕಿಕೊಂಡಿದ್ದರೂ ಸೋಲುತ್ತಿದ್ದೆ. ಸಮಾಧಾನ. ಸೋತೆ ಎಂದು ಅಪ್ಪನಿಗೆ ಹೇಳಿದ್ದಕ್ಕೆ ‘ಟೀ ಕಾಯ್ಸೋರು ಸಿಕ್ಕಿದ್ರು’ ಎಂದರು. ಈ ಸಲ ಮಾತ್ರ ಅರ್ಥವಾಯಿತು, ಅವರಿಗೂ ಬೇಜಾರಾಗಿದೆ. ಅವತ್ತು ಅವರೇ ಹಾಲು ಕಾಯಿಸಿದರು.

ಎಣಿಕೆ ಆದ ಮೇಲೆ ಸೋಮವಾರ ಅಂಗಡಿ ತೆರೆದಾಗ ಮೊದಲು ಬಂದವಳು ಜಿಷ. ಗೆದ್ದದ್ದಕ್ಕೆ ಯಾರೋ ಆಗಷ್ಟೇ ಹಾಕಿದ ಹೂವಿನ ಹಾರ ಕೊರಳಲ್ಲಿತ್ತು. ಕೇಳದೆಯೇ ಟೀ ಕೊಟ್ಟೆ. ಮಕ್ಕಳು ಬಸ್ಸಿಗೆ ಕಾಯುತ್ತಾ ಬೆಂಚಿನ ತುಂಬ ಕೂತಿದ್ದವು. ಅವಳು ಅವನ್ನು ನೋಡುತ್ತಾ ಟೀ ಕುಡಿದಳು. ‘ಸರೋಜೇಚಿ, ಶೆಲ್ಟರ್ ಪಂಚಾಯತ್ ಕೈಯಲ್ಲಿ ಇಲ್ಲ. ರೋಡ್ ಹೈವೇಯವರದ್ದು, ಪಕ್ಕದ ನೆಲ ಕಾಡಿನವರದ್ದು. ತಿರುವನಂತಪುರಕ್ಕೇ ಹೋಗಿ ಕೇಳಣಂ. ನನಗೆ ಅರ್ಜಿ ಬರೆಯೋಕೆ ಬರ್ತದೆ. ಆನೆ ತಗಡು ಮುಟ್ಟಿದ್ದು ಹೇಳೋಕೆ ಬರೋದಿಲ್ಲ. ನೀವು ಕೂಡ ವರುಮೋ?’ ಎಂದಳು.

ಹೂಂ ಅಂದೆ. ಮಾಷನ್ನು ಕೇಳಿಲ್ಲ.

ಜನವರಿ ಎರಡನೇ ವಾರ. ರೈಲಿನಲ್ಲಿ ಬರುವುದಂತೆ. ಬರುತ್ತೇನೆ ಎಂದು ಹೇಳಿಬಿಟ್ಟೆ, ಈಗ ಹೆದರಿಕೆ. ಅಷ್ಟು ದೊಡ್ಡ ಸ್ಟೇಷನ್, ಜಿಷಗೂ ಹೊಸದು. ಜನರ ಮಧ್ಯೆ ನಾನು ಕಳೆದುಹೋದರೆ ನನ್ನ ಫೋನು ಎತ್ತಿ ಮಾತಾಡುವ ಧೈರ್ಯವೂ ನನಗಿಲ್ಲ. ನಿನಗೆ ಕ್ಲಾಸ್ ಇರುತ್ತದೆ, ಗೊತ್ತು. ಆದರೂ ಕೇಳುತ್ತೇನೆ. ಬರುತ್ತೀಯಾ, ಕರೆದುಕೊಂಡು ಹೋಗಲು?

ಅಮ್ಮ

*

ತಿರುವನಂತಪುರ
4 ಜನವರಿ 2026

ಅಮ್ಮಾ,

ಇದೇನು ಕೇಳುವ ಮಾತಾ?

ಚಾತಿಯಮ್ಮನಿಗೂ ಹೇಳಿದ್ದೇನೆ. ಅವರ ಸಮರ ಇನ್ನೂ ಮುಗಿದಿಲ್ಲ. ನಿಮ್ಮಿಬ್ಬರಿಗೂ ಕಂಜಿ ತೆಗೆದಿಡುತ್ತಾರಂತೆ. ಗೇಟಿನ ಪಾಸ್ ಎಲ್ಲಿ ಕೊಡುತ್ತಾರೆ, ಯಾವ ಕೌಂಟರ್, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲ ನಿನ್ನೆ ಹೋಗಿ ಕೇಳಿಕೊಂಡು ಬಂದೆ. ಒಬ್ಬಳೇ.

ನೀನು ಯಾವ ಬೋಗಿಯಲ್ಲಿ ಬಂದರೂ ಪರವಾಗಿಲ್ಲ. ಇಳಿದ ಮೇಲೆ ಹುಡುಕಬೇಡ, ಜನರ ಹಿಂದೆ ನಡೆಯಬೇಡ. ಜಿಷೇಚಿಯ ಕೈ ಹಿಡಿದುಕೊಂಡು ಇಳಿದ ಜಾಗದಲ್ಲೇ ಇರು. ನಾನು ಆ ತುದಿಯಿಂದ ಈ ತುದಿಯವರೆಗೆ ಕೂಗಿಕೊಂಡು ಬರುತ್ತೇನೆ, ‘ಅಮ್ಮೋ’ ಎಂದು, ಗದ್ದೆಯಿಂದ ಕರೆಯುತ್ತಿದ್ದ ಹಾಗೆ, ನಮ್ಮ ಮಾತಿನಲ್ಲೇ, ಜೋರಾಗಿ.

ಪ್ಲಾಟ್‌ಫಾರ್ಮ್ ಪೂರ್ತಿ ತಿರುಗಿ ನೋಡಿದರೂ ನೋಡಲಿ. ನೀನು ಓಗೊಡು.

ನಿನ್ನ
ಸುಮ